ಬರುವವರಿದ್ದಾರೆ, ದಾರಿ ಮಾಡ್ರಿ

ನಮ್ಮ ಕಡೆಯವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೇವರ್ಗಿಯಲ್ಲಿ ನಿಂತು “ಅಫಜಲಪುರದ ಬಸ್ ಬರ್ತದೇನ್ರಿ?” ಅಂತ ಕೇಳಿ ನೋಡಿ. “ಬರ್ತದ್ರಿ, ಬರ್ಲಾರ್ದ ಎಲ್ಲಿ ಹೋಗ್ತದ?” ಅನ್ನುತ್ತಾರೆ. ಎಷ್ಟು ಗಂಟೆಗೆ ಅಂತ ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಉಪದೇಶವೂ ಇಷ್ಟೇ: ಬರುವವನು ಬಂದೇ ಬರುತ್ತಾನೆ, ಹೊತ್ತು ಕೇಳಬೇಡಿ.

ನವೆಂಬರ್ 30ರ ಸಂತ ಅಂದ್ರೆಯನ ಹಬ್ಬಕ್ಕೆ ಹತ್ತಿರವಾದ ಭಾನುವಾರ ಈ ಕಾಲ ಶುರುವಾಗುತ್ತದೆ. ಒಟ್ಟು ನಾಲ್ಕು ಭಾನುವಾರ. ಗುರುಗಳು ನೇರಳೆ ಉಡುಪು ತೊಡುತ್ತಾರೆ, ಬಲಿಪೂಜೆಯ ಮಹಿಮೆಯ ಗೀತೆಗೆ ಬಿಡುವು. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ. ದಾರಿ ಅರ್ಧ ಮುಗೀತು, ಸ್ವಲ್ಪ ನಗಬಹುದು ಅಂತ. ಮೂರು ವರ್ಷಕ್ಕೊಮ್ಮೆ ಮೊದಲ ಭಾನುವಾರ ಮತ್ತಾಯನ ಸುವಾರ್ತೆಯ ಕಳ್ಳನ ಮಾತು ಬರುತ್ತದೆ: ಯಾವ ಜಾವದಲ್ಲಿ ಬರುತ್ತಾನೆಂದು ಗೊತ್ತಿದ್ದರೆ ಮನೆ ಯಜಮಾನ ಎಚ್ಚರವಿರುತ್ತಿದ್ದ. ಆಳಂದದ ರೈತನಿಗೆ ಇದಕ್ಕೆ ವ್ಯಾಖ್ಯಾನ ಬೇಡ. ತೊಗರಿ ಕೊಯ್ಲಿನ ದಿನಗಳಲ್ಲಿ ಅವನು ಕಂಬಳಿ ಹೊದ್ದು ರಾಶಿಯ ಪಕ್ಕದಲ್ಲೇ ಮಲಗಿರುತ್ತಾನೆ.

ಕಾಯುವವರು ನಾವು ಕ್ರೈಸ್ತರಷ್ಟೇ ಅಂದುಕೊಂಡರೆ ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋಗಿ ಬರಬೇಕು. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ ಬಹುಪಾಲು ನಮ್ಮ ಆಗಮನ ಕಾಲದಲ್ಲೇ ಬೀಳುತ್ತದೆ. ದತ್ತಾತ್ರೇಯ ದಿನಾ ಮಧ್ಯಾಹ್ನ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ಅಲ್ಲಿನ ನಂಬಿಕೆ. ಹೀಗಾಗಿ ಆ ಹೊತ್ತಿನಲ್ಲಿ ಜೋಳಿಗೆ ಹಿಡಿದವರನ್ನು “ಮುಂದಕ್ಕ ಹೋಗು” ಅನ್ನಲು ಬಾಯಿ ಬರುವುದಿಲ್ಲ. ವರ್ಷಕ್ಕೆ ನಾಲ್ಕು ವಾರ ಕಾದು ಬೆನ್ನು ತಟ್ಟಿಕೊಳ್ಳುವ ನನಗೆ, ದಿನಾ ಮಧ್ಯಾಹ್ನ ಕಾಯುವವರ ಮುಂದೆ ನಾಚಿಕೆಯಾಗುತ್ತದೆ.

ಮಕ್ಕಳಿಗೆ ಕಾಯುವುದು ಕಷ್ಟ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳಿಗೆ ಆಶ್ರಯ ನಡೆಸುತ್ತಿದ್ದ ಯೋಹಾನ್ ಹಿನ್ರಿಷ್ ವಿಖರ್ನ್‌ಗೆ, ಹಬ್ಬ ಯಾವಾಗ ಎಂಬ ಅವರ ಪ್ರಶ್ನೆ ಕೇಳಿ ಕೇಳಿ ಸಾಕಾಗಿರಬೇಕು. 1839ರಲ್ಲಿ ಒಂದು ಬಂಡಿ ಗಾಲಿಯ ಮೇಲೆ ದಿನಕ್ಕೊಂದರಂತೆ ಮೇಣದಬತ್ತಿ ಹಚ್ಚಿಸಿದ. ಇಂದಿನ ನಾಲ್ಕು ಬತ್ತಿಯ ಹಸಿರು ಚಕ್ರ ಅದರ ವಂಶದ್ದು. ಅವರದು ದೇವದಾರು ಜಾತಿಯ ಸೊಪ್ಪು, ನಮ್ಮ ಮನೆಯಲ್ಲಿ ಬೇವಿನ ಟೊಂಗೆ. ದೇವರು ಬೇಸರಪಟ್ಟ ಲಕ್ಷಣ ಈವರೆಗೆ ಕಂಡಿಲ್ಲ.

ಉಪವಾಸದ ವಿಷಯ ಕೇಳಬೇಡಿ. ಕ್ರಿಸ್ಮಸ್ಸಿನ ಆಸುಪಾಸಿನಲ್ಲೇ ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಿ ಬಂದ ನೆರೆಮನೆಯವರು ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ತಂದು “ತಗೋರಿ ಮಾಸ್ತರ” ಅಂದರೆ, ಬೇಡ ಅನ್ನುವುದೇ ಪಾಪ.

ನನ್ನನ್ನು ನಿಜಕ್ಕೂ ಕಾಡುವುದು ಎರಡನೆಯ ಭಾನುವಾರ. ಸ್ನಾನಿಕ ಯೋಹಾನ ಯೆಶಾಯನ ಮಾತು ಹಿಡಿದು ಬರುತ್ತಾನೆ: ತಗ್ಗು ತುಂಬಬೇಕು, ಡೊಂಕು ನೆಟ್ಟಗಾಗಬೇಕು. ಇದು ನಮಗೆ ಚೆನ್ನಾಗಿ ತಿಳಿಯುತ್ತದೆ. ಯರಿ ಭೂಮಿಯ ರಸ್ತೆ ಮಳೆಗೆ ಕುಸಿದು ವರ್ಷವಾದರೂ ಕೇಳುವವರಿಲ್ಲ; ಮಂತ್ರಿಗಳು ಬರ್ತಾರ ಅಂದರೆ ಹಿಂದಿನ ರಾತ್ರಿಯೇ ಮುರುಮು ಬಿದ್ದಿರುತ್ತದೆ. ಮನಸ್ಸಿನ ರಿಪೇರಿಯನ್ನೂ ನಾವು ಹೀಗೇ ಡಿಸೆಂಬರ್ 24ಕ್ಕೆ ಇಟ್ಟುಕೊಳ್ಳುತ್ತೇವೆ. ಅಂದು ಪಾಪನಿವೇದನೆಯ ಸಾಲು ಉದ್ದ, ನಿವೇದನೆ ಮೊಟಕು. ಹೆಂಡತಿಯ ಪಾಪ ಹೇಳಿ ಹಗುರಾಗಿ ಎದ್ದು ಬರುವ ಗಂಡಂದಿರೂ ಉಂಟು.

ನನ್ನ ದಾರಿಯ ದೊಡ್ಡ ತಗ್ಗು ಹೊಲದ ಬದುವಿನದು. ಚಿಕ್ಕಪ್ಪನ ಮಗನಿಗೂ ನನಗೂ ಮಾತು ನಿಂತು ಕಾಲವಾಗಿತ್ತು. ಮನೆಗೆ ಸುಣ್ಣ ಹೊಡೆಸಿದೆ, ನಕ್ಷತ್ರ ಕಟ್ಟಿದೆ, ಗೋದಲಿಗೆ ಹುಲ್ಲು ತಂದೆ. ಫೋನೊಂದು ಬಿಟ್ಟು ಎಲ್ಲ ತಯಾರಿ ಆಯಿತು. ಕೊನೆಗೆ ಗುಲಾಬಿ ಭಾನುವಾರ ಮಾಡಿದೆ.

“ಹಬ್ಬಕ್ಕ ಊಟಕ್ಕ ಬಾರಪಾ” ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಬರ್ತೀನಣ್ಣಾ. ತೊಗರಿ ರಾಶಿ ಮುಗಿದ ಮ್ಯಾಲ ಸರ್ವೇದವ್ರನ್ನೂ ಕರಸ್ತೀನಿ.”

ಕೋಳಿ ಎಷ್ಟು ಕಿಲೋ ತರಬೇಕೆಂದು ಹೆಂಡತಿ ಕೇಳಿದಳು. ಒಂದು ಜಾಸ್ತಿ ತಾ ಅಂದೆ. ಸರ್ವೇದವರು ಹಬ್ಬದ ದಿನವೇ ಬಂದರೆ ಅವರಿಗೂ ಬೇಕಲ್ಲ.