186 ಅಡಿ ನೀರಿನ ಮೇಲೆ ನನ್ನ ದ್ವೀಪಯಾನ

ಮಳೆಗಾಲ ಬಂತೆಂದರೆ ಶಿವಮೊಗ್ಗದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಪೇಪರ್ ಬಿಚ್ಚಿದ ಕೂಡಲೇ ಅಡಿಕೆ ರೇಟು, ಅದರ ಹಿಂದೆಯೇ ಡ್ಯಾಮಿನ ನೀರಿನ ಮಟ್ಟ. ಭದ್ರೆಯ ಗರಿಷ್ಠ ಮಟ್ಟ 186 ಅಡಿ ಎಂಬುದು ನನಗೆ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿರುತ್ತದೆ. ಆ ವರ್ಷ ಡ್ಯಾಮು ತುಂಬಿತು ಎಂದು ಓದಿದ್ದೇ ತಡ, ಲಕ್ಕವಳ್ಳಿ ಹಿನ್ನೀರಿನ ಹಕ್ಕಿ ದ್ವೀಪ ನೋಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲವೆಂದು ನಿರ್ಧರಿಸಿಬಿಟ್ಟೆ. ಸುತ್ತ ನೀರು ಹೆಚ್ಚಿದಷ್ಟೂ ದ್ವೀಪಕ್ಕೆ ಕಳೆ ಹೆಚ್ಚು ತಾನೇ? ನಗಬೇಡಿ, ನಿಮಗೂ ಹಾಗೇ ಅನ್ನಿಸುತ್ತಿತ್ತು.

ಗಾಂಧಿ ಬಜಾರಿಗೆ ಹೋಗಿ ಕಾಡಿನ ಬಣ್ಣದ ಅಂಗಿ, ಅಗಲ ಅಂಚಿನ ಟೋಪಿ, ಒಂದು ದುರ್ಬೀನು, ಮತ್ತೆ ಬಟ್ಟೆಗಿಂತ ಜೇಬೇ ಜಾಸ್ತಿ ಇರುವ ಪ್ಯಾಂಟು ತಂದೆ. ಬಸ್ಸಿನಲ್ಲಿ ಟಿಕೆಟ್ಟಿನ ಚಿಲ್ಲರೆ ಯಾವ ಜೇಬಿನಲ್ಲಿದೆಯೆಂದು ಹುಡುಕತೊಡಗಿದವನಿಗೆ ಅದು ಸಿಕ್ಕಿದ್ದು ಭದ್ರಾವತಿ ಬಂದ ಮೇಲೆ. ಕಂಡಕ್ಟರ್ ಮಹಾಶಯ ಅಷ್ಟೂ ಹೊತ್ತು ತಾಳ್ಮೆಯಿಂದ ಪಕ್ಕದಲ್ಲೇ ನಿಂತಿದ್ದ. ಅವನ ಜಾಗದಲ್ಲಿ ನಾನಿದ್ದರೆ ನನ್ನನ್ನು ಬಿಳಕಿಯಲ್ಲೇ ಇಳಿಸಿರುತ್ತಿದ್ದೆ.

ಭದ್ರಾವತಿಯ ಪೇಪರ್ ಟೌನಿನಲ್ಲಿರುವ ಮಾವನ ಮನೆಯಲ್ಲಿ ಕಾಫಿ ಕುಡಿಯುತ್ತಾ ಉಪನ್ಯಾಸ ಶುರುಮಾಡಿದೆ. ರಿವರ್ ಟರ್ನ್ ಎಂಬ ಹಕ್ಕಿ, ತಲೆಗೆ ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಗೂಡು ಕಟ್ಟುವ ರಗಳೆಯೇ ಇಲ್ಲ, ಬೆಣಚು ಕಲ್ಲುಗಳ ನಡುವೆ ಬರೀ ನೆಲದಲ್ಲೇ ಮೊಟ್ಟೆ. ಒಂದಲ್ಲ ಎರಡಲ್ಲ, ಸಾವಿರಗಟ್ಟಲೆ! ಮಾವ ಮೆಲ್ಲಗೆ, “ಅದು ಬೇಸಿಗೆಯಲ್ಲಲ್ವೇ ಅಳಿಯಂದ್ರೆ…” ಎಂದರು. ದುರ್ಬೀನು ಯಾರ ಕೊರಳಲ್ಲಿದೆಯೋ ಅವನ ಮಾತೇ ನಡೆಯಬೇಕಲ್ಲ! ಮನೆಮಂದಿಯನ್ನೆಲ್ಲ ಟೆಂಪೋಗೆ ತುಂಬಿಕೊಂಡು ಡ್ಯಾಮಿನ ಬಳಿಯ ಬಿ.ಆರ್.ಪಿ. ಹಾದಿ ಹಿಡಿದೆ. ಲಕ್ಕವಳ್ಳಿ ತಲುಪಿದ ಮೇಲೂ “ಇದು ನಮ್ಮ ಶಿವಮೊಗ್ಗ ಜಿಲ್ಲೆಯ ಹೆಮ್ಮೆ” ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಅಲ್ಲಿದ್ದ ಹಿರಿಯರೊಬ್ಬರು, ಇದು ತರೀಕೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು.

ದೋಣಿ ಹೊರಟಿತು. ಸುತ್ತ ಭದ್ರಾ ಅಭಯಾರಣ್ಯದ ಹಸಿರು ಗುಡ್ಡಗಳು, ನಡುವೆ ಸಮುದ್ರದಂಥ ನೀರು. ನಾನು ದುರ್ಬೀನು ಏರಿಸಿ ನೋಡಿದರೆ ಕಾಡೆಲ್ಲ ಸಾಸಿವೆ ಕಾಳಿನಷ್ಟು ದೂರ ಹೋಗಿತ್ತು. “ತಿರುಗಿಸಿ ಹಿಡ್ಕೊಳ್ರೀ” ಎಂದಳು ಹೆಂಡತಿ. ತಿರುಗಿಸಿದ ಕೂಡಲೇ “ಮೊಸಳೆ! ಮೊಸಳೆ!” ಎಂದು ಕೂಗಿದೆ. ಮಕ್ಕಳು ಕಿರುಚಿ ಅಜ್ಜಿಯನ್ನು ತಬ್ಬಿಕೊಂಡವು. ಹತ್ತಿರ ಹೋದರೆ ಮುಳುಗಿದ ಮರದ ಬೊಡ್ಡೆ. ಅದರ ಮೇಲೆ ಕೂತಿದ್ದ ನೀರುಕಾಗೆ ನನ್ನನ್ನೇ ದಿಟ್ಟಿಸುತ್ತಿತ್ತು.

“ಅಲ್ಲಪ್ಪಾ, ದ್ವೀಪ ಎಲ್ಲಿ?” ಎಂದು ಕೊನೆಗೆ ದೋಣಿಯವನನ್ನು ಕೇಳಿದೆ.

“ಅದರ ಮೇಲೇ ಇದೀವಿ ಸಾರ್.”

ಡ್ಯಾಮು ಕಟ್ಟಿದಾಗ ಮುಳುಗಿದ ಗುಡ್ಡಗಳ ನೆತ್ತಿಯಂತೆ ಈ ದ್ವೀಪಗಳು. ನಾಲೆಗೆ ನೀರು ಬಿಟ್ಟು ಬಿಟ್ಟು ಮಟ್ಟ ಇಳಿದಾಗಲೇ ನೆಲ ಮೇಲೆ ಬರುವುದು, ನೆಲ ಬಂದ ಮೇಲೇ ಹಕ್ಕಿ ಬರುವುದು. ಅಂದರೆ ಯಾವ 186 ಅಡಿ ನೋಡಿ ನಾನು ಕುಣಿದಿದ್ದೆನೋ, ಅದೇ ನನ್ನ ದ್ವೀಪವನ್ನು ನುಂಗಿ ಕೂತಿತ್ತು. ಇಷ್ಟು ಕೇಳಿದ ಮೇಲೂ ನಾನು ಬಗ್ಗಿ ನೀರಿನೊಳಗೆ ದ್ವೀಪ ಹುಡುಕಿದೆನಲ್ಲ, ಆ ಬುದ್ಧಿಗೆ ಏನೆನ್ನಲಿ! ಟೋಪಿ ಜಾರಿ ನೀರಿಗೆ ಬಿತ್ತು. ಅಂದು ಆ ದ್ವೀಪಕ್ಕೆ ಇಳಿದ ಏಕೈಕ ಪ್ರವಾಸಿ ನನ್ನ ಟೋಪಿ.

ಬೇಸಿಗೆಯಲ್ಲಿ ಮಾನ ಉಳಿಸಿಕೊಳ್ಳಲು ಮತ್ತೆ ಅದೇ ಪರಿವಾರದೊಂದಿಗೆ ಹೋದೆ. ಕಾಲು ನೋವೆಂದು ಅತ್ತೆಯೊಬ್ಬರು ಮನೆಯಲ್ಲೇ ಉಳಿದು, ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದ್ದರು. ಈ ಸಲ ದ್ವೀಪ ಇತ್ತು! ಬೋಳು ನೆಲದ ತುಂಬ ಟರ್ನ್‌ಗಳು, ಪುಟ್ಟ ಮರಿಗಳು, ಬಾಯಲ್ಲಿ ಮೀನು ಹಿಡಿದು ಬರುವ ಅಪ್ಪ ಅಮ್ಮಂದಿರು. ದೋಣಿಯವನು ದೂರದಲ್ಲೇ ಇಂಜಿನ್ ನಿಲ್ಲಿಸಿ, “ಯಾರೂ ಮಾತಾಡಬೇಡಿ” ಎಂದ. ಮಕ್ಕಳೂ ಉಸಿರು ಬಿಗಿಹಿಡಿದವು.

ಅಲ್ಲಿಯವರೆಗೆ ಸತ್ತು ಮಲಗಿದ್ದ ನೆಟ್‌ವರ್ಕು ಆ ಕ್ಷಣದಲ್ಲೇ ಎದ್ದು ಕೂರಬೇಕೇ? ನನ್ನ ಯಾವುದೋ ಜೇಬಿನಿಂದ ನಾದಸ್ವರ, ಡೋಲು. ಯಾವ ಜೇಬು? ಹುಡುಕಲು ಎದ್ದೆ, ತೊಡೆಯ ಮೇಲಿದ್ದ ಡಬ್ಬಿ ದೋಣಿಯ ತಳಕ್ಕೆ ಢಣಾರ್ ಎಂದು ಬಿತ್ತು. ದ್ವೀಪಕ್ಕೆ ದ್ವೀಪವೇ ಹಾರಿತು! ಆಕಾಶವೆಲ್ಲ ರೆಕ್ಕೆ. ಎಲ್ಲರೂ ಚಕಚಕ ಫೋಟೋ ತೆಗೆದರು. ನಾನು ಮಾತ್ರ ಸೀಟಿನಡಿ ತಲೆ ತೂರಿಸಿ ಚಕ್ಕುಲಿ ಆರಿಸುತ್ತಾ, ಕೊನೆಗೂ ಸಿಕ್ಕ ಫೋನನ್ನು ಕಿವಿಗೊತ್ತಿಕೊಂಡಿದ್ದೆ.

“ಹಕ್ಕಿ ಕಂಡ್ವಾ ಅಳಿಯಂದ್ರೆ?” ಅತ್ತೆ ಕೇಳುತ್ತಿದ್ದರು.

ಹಕ್ಕಿಗಳು ಬೇಗನೆ ಮರಿಗಳ ಬಳಿ ಇಳಿದವು, ನನ್ನ ಪುಣ್ಯ. ಆದರೆ ಫೋಟೋ ಇಳಿದಿಲ್ಲ. ಪೇಪರ್ ಟೌನಿನ ಮನೆಯ ಹಾಲಿನಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಮೇಲೆ ನೂರಾರು ಟರ್ನ್‌ಗಳು, ಕೆಳಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ನನ್ನ ಹಿಂಭಾಗ. ಬಂದವರು ತಪ್ಪದೆ ಕೇಳುತ್ತಾರೆ, “ಕೆಳಗೆ ಕಾಣ್ತಿದೆಯಲ್ಲ, ಅದೇನಾ ದ್ವೀಪ?”