ಹನ್ನೆರಡು ಮೀಟರ್ ದೂರದ ಗೆಳೆಯರು

ಚೆನ್ನೈನ ಎಗ್ಮೋರಿನಲ್ಲಿ ಯಾರಾದರೂ ಓಡುತ್ತಿದ್ದಾರೆಂದರೆ ರೈಲು ತಪ್ಪುತ್ತಿದೆ ಎಂದೇ ಅರ್ಥ. 1908ರಲ್ಲಿ ಈ ನಿಲ್ದಾಣ ಬಾಗಿಲು ತೆರೆದಂದಿನಿಂದ ಇಲ್ಲಿ ಓಟಕ್ಕೆ ಬೇರೆ ಕಾರಣವೇ ಇದ್ದಿಲ್ಲ. ಹೀಗಿರುವಾಗ ನಸುಕಿನ ನಾಲ್ಕೂವರೆಗೆ ಗಾಂಧಿ ಇರ್ವಿನ್ ರಸ್ತೆಯಲ್ಲಿ, ಅಂಗಿ ಚಡ್ಡಿ ಎರಡೂ ಒಂದೇ ತುಂಡಾಗಿ ಮೈಗಂಟಿದ ಉಡುಪು ತೊಟ್ಟು, ಸೊಂಟದ ಸುತ್ತ ಪುಟ್ಟ ನೀರಿನ ಬಾಟಲಿಗಳನ್ನು ಕಟ್ಟಿಕೊಂಡು, ನಲವತ್ತೇಳು ವರ್ಷದ ಗೃಹಸ್ಥರೊಬ್ಬರು ಏದುಸಿರು ಬಿಡುತ್ತ ಬಂದರೆ ಆಟೋದವರಿಗೆ ಕರುಳು ಚುರುಕ್ಕೆನ್ನದೆ ಇರುತ್ತದೆಯೆ? "ಎಂದ ಟ್ರೈನ್ ಸಾರ್?" ಎಂದು ಗಾಡಿಯನ್ನು ಪಕ್ಕಕ್ಕೇ ತರುತ್ತಾರೆ. "ಟ್ರೈನ್ ಇಲ್ಲಪ್ಪಾ, ಟ್ರೈನಿಂಗ್" ಎನ್ನುತ್ತಾರೆ ಇವರು. ಆಟೋದವನು ಗೇರು ಬದಲಿಸಿ ಹೊರಟುಹೋಗುತ್ತಾನೆ. ಒಂದು ಕಾಲದಲ್ಲಿ ಕಾರನ್ನೇ ಪ್ಲಾಟ್‌ಫಾರಂ ಪಕ್ಕಕ್ಕೆ ತಂದು ನಿಲ್ಲಿಸುವ ಸೌಕರ್ಯವಿದ್ದ ಸ್ಟೇಷನ್ನಿನ ಎದುರು ಈ ಪಾಟಿ ಬೆವರು ಸುರಿಸುವವರನ್ನು ಅವನಾದರೂ ಏನೆಂದು ತಿಳಿದುಕೊಳ್ಳಬೇಕು?

ಊರು ಕುಂದಾಪುರದ ಕಡೆ. ಕಸುಬು ಲೆಕ್ಕಪರಿಶೋಧನೆ. ಮನೆ ಕಾಸಾ ಮೇಜರ್ ರಸ್ತೆಯ ಹಿಂದಿನ ಓಣಿಯಲ್ಲಿ, ಎರಡನೆಯ ಮಹಡಿ. ಹತ್ತುವುದು ಲಿಫ್ಟಿನಲ್ಲಿ, ಮೆಟ್ಟಿಲು ಮೊಣಕಾಲಿಗೆ ಒಳ್ಳೆಯದಲ್ಲವಂತೆ. ಹೆಸರು ಹೇಳುವುದು ಬೇಡ. ಇಂಥವರು ಈಗ ಅಪಾರ್ಟ್‌ಮೆಂಟಿಗೊಬ್ಬರಂತೆ ಇದ್ದಾರೆ, ಒಬ್ಬರ ಹೆಸರೆತ್ತಿದರೆ ಉಳಿದವರಿಗೆ ಮುನಿಸು. ನೆರೆಹೊರೆಯ ನಾವು ಅವರನ್ನು ಐರನ್ ರಾಯರು ಎನ್ನುತ್ತೇವೆ. ಇದರಿಂದ ಗೇಟಿನ ಬಳಿಯ ಇಸ್ತ್ರಿಯವನಿಗೆ ಪೈಪೋಟಿಯ ಭಯ ಹುಟ್ಟಿದೆ.

ರಾಯರದು ಟ್ರಯಾಥ್ಲಾನ್. ಅದರಲ್ಲೂ 70.3 ಎಂಬ ನಮೂನೆ. 1.9 ಕಿಲೋಮೀಟರ್ ಈಜು, ಮೈ ಒರೆಸಿಕೊಳ್ಳುವ ಮೊದಲೇ 90 ಕಿಲೋಮೀಟರ್ ಸೈಕಲ್, ಇಳಿದ ಕೂಡಲೇ 21.1 ಕಿಲೋಮೀಟರ್ ಓಟ. ಎಲ್ಲ ಮೈಲಿಯಲ್ಲಿ ಕೂಡಿದರೆ 70.3. ಮೊತ್ತ ದಶಾಂಶಕ್ಕೆ ಸರಿಹೊಂದುತ್ತದೆ ಎನ್ನುವುದೇ ಲೆಕ್ಕಪರಿಶೋಧಕರನ್ನು ಸೆಳೆದಿರಬೇಕು. ಇದರ ಇಮ್ಮಡಿಯನ್ನು ಒಂದೇ ದಿನದಲ್ಲಿ, 17 ಗಂಟೆಯೊಳಗೆ ಮುಗಿಸುವವರೂ ಇದ್ದಾರೆ. ನಟ ಮಿಲಿಂದ್ ಸೋಮನ್ 2015ರಲ್ಲಿ ಐವತ್ತರ ಹೊಸ್ತಿಲಲ್ಲಿ ಜ್ಯೂರಿಕ್‌ನಲ್ಲಿ ಅದನ್ನು ಮಾಡಿ ತೋರಿಸಿದಂದಿನಿಂದ ನಮ್ಮ ದೇಶದ ನಡುವಯಸ್ಕರಿಗೆ ನೆಮ್ಮದಿಯಿಲ್ಲ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದ 70.3 ಅನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದಾಗಲಂತೂ ರಾಯರು ಆ ಸಮಯವನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಗಡುವು ಎಂಟೂವರೆ ಗಂಟೆ. "ನೋಡಿ, ಪಾರ್ಲಿಮೆಂಟೂ ಇಟ್ಟುಕೊಂಡು ಮಾಡಿದಾರೆ. ನನಗೆ ಬರೀ ಜಿಎಸ್‌ಟಿ."

ಐರನ್‌ಮ್ಯಾನ್ ಎಂಬ ಈ ಪಂದ್ಯ ಹುಟ್ಟಿದ್ದು ಹೇಗೆಂದು ತಿಳಿದ ಮೇಲೆ ನನಗೆ ರಾಯರ ಮೇಲಿನ ಗೌರವ ಹೆಚ್ಚಾಯಿತು. 1977ರಲ್ಲಿ ಹವಾಯಿಯಲ್ಲಿ ಓಟದ ಪಂದ್ಯವೊಂದರ ಬಹುಮಾನ ಸಮಾರಂಭ. ಓಟಗಾರ ಗಟ್ಟಿಯೋ ಈಜುಗಾರ ಗಟ್ಟಿಯೋ ಎಂದು ಹರಟೆ ಎದ್ದಿತು. ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಎದ್ದುನಿಂತು, ಅಲ್ಲಿಯ ಈಜು, ಸೈಕಲ್, ಮ್ಯಾರಥಾನ್ ಮೂರನ್ನೂ ಒಂದೇ ದಿನ ಪೋಣಿಸೋಣ, ಗೆದ್ದವನನ್ನು ಉಕ್ಕಿನ ಮನುಷ್ಯ ಎನ್ನೋಣ ಎಂದ. ಮರುವರ್ಷ ಫೆಬ್ರುವರಿಯಲ್ಲಿ 15 ಮಂದಿ ಹೊರಟರು, 12 ಮಂದಿ ಮುಟ್ಟಿದರು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ಗೆ ದಾರಿಯಲ್ಲಿ ಅವನ ಸಹಾಯಕರ ಬಳಿ ನೀರು ಮುಗಿದು ಬಿಯರ್ ಕೊಟ್ಟರಂತೆ. ಅಂದರೆ ಈ ಪಂದ್ಯದ ಮೂಲ ಹರಟೆ. ಮೂಲಧರ್ಮಕ್ಕೆ ರಾಯರಿರುವ ನಮ್ಮ ಎಗ್ಮೋರಿನ ತಂಡದಷ್ಟು ನಿಷ್ಠರಾಗಿರುವವರು ಹವಾಯಿಯಲ್ಲೂ ಸಿಗಲಾರರು.

ರಾಯರಿಗೆ ಈಜು ಹೊಸದಲ್ಲ. ಚಿಕ್ಕವರಿದ್ದಾಗ ಹಾಲಾಡಿ ಹೊಳೆಯನ್ನು ಮಳೆಗಾಲದಲ್ಲೇ ದಾಟುತ್ತಿದ್ದವರು. ಆದರೆ ಆ ಈಜು ಈಜೇ ಅಲ್ಲ ಎಂದು ಕೋಚ್ ಸಾಬೀತು ಮಾಡಿದ ಮೇಲೆ, ಈಗ ತಿಂಗಳಿಗಿಷ್ಟು ಎಂದು ಶುಲ್ಕ ಕಟ್ಟಿ ಮೊದಲಿನಿಂದ ಉಸಿರಾಡಲು ಕಲಿಯುತ್ತಿದ್ದಾರೆ. ಊರಿನಿಂದ ಬಂದಿದ್ದ ಅವರ ಅಮ್ಮನಿಗೆ ಇದು ಅರಗಲಿಲ್ಲ. "ಹೊಳಿಗೆ ಇಳ್ದದ್ದಕ್ಕೆ ನಿನ್ನ ಅಪ್ಪಯ್ಯ ಬೆನ್ನಿಗೆ ನಾಲ್ಕು ಬಿಗ್ದಿದ್ರ್. ಈಗ ದುಡ್ಡು ಕೊಟ್ಟು ಇಳೀತ್ಯಾ ಮಗಾ?" ಎಂದು ಕೇಳಿದರು. ರಾಯರು ಕೈಗಡಿಯಾರ ನೋಡಿಕೊಂಡು, ಹೃದಯಬಡಿತ ಏರಿದೆ ಎಂದರು.

ತಂಡ ಹುಟ್ಟಿದ್ದು ಅಂಗಿಯಿಂದ. ಮೊದಲು ಎಲ್ಲರೂ ಒಬ್ಬೊಬ್ಬರೇ. ಈಸ್ಟ್ ಕೋಸ್ಟ್ ರೋಡ್‌ನಲ್ಲಿ ಭಾನುವಾರ ಮಹಾಬಲಿಪುರದ ಕಡೆ ಸೈಕಲ್ ತುಳಿಯುವಾಗ ಎದುರಾದರೆ ಎರಡು ಬೆರಳೆತ್ತಿ ಮುಂದೆ ಹೋಗುತ್ತಿದ್ದರು. ಒಬ್ಬರು ರೈಲ್ವೆ, ಒಬ್ಬರು ಬ್ಯಾಂಕು, ಒಬ್ಬರು ಪುದುಪೇಟೆಯಲ್ಲಿ ಹಳೇ ಗಾಡಿಗಳ ಬಿಡಿಭಾಗ ಮಾರುವವರು, ಇಬ್ಬರು ಸಾಫ್ಟ್‌ವೇರು, ಒಬ್ಬರು ದಂತವೈದ್ಯೆ. (ನಿಜವಾಗಿ ವೇಗವಿರುವುದು ದಂತವೈದ್ಯೆಗೆ ಮಾತ್ರ. ಈ ವಿಷಯವನ್ನು ತಂಡದಲ್ಲಿ ಯಾರೂ ಎತ್ತುವುದಿಲ್ಲ.) ಹತ್ತು ವರ್ಷ ಒಂದೇ ಊರಿನಲ್ಲಿದ್ದೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಂದು ಮೂಳೆ ಆಸ್ಪತ್ರೆ, ಒಂದು ಪ್ರೋಟೀನ್ ಪುಡಿ ಕಂಪನಿ, ಒಂದು ಸೈಕಲ್ ಅಂಗಡಿ ಸೇರಿ, ಹನ್ನೆರಡು ಮಂದಿಗೆ ಉಡುಪು ಕೊಡುತ್ತೇವೆ, ಬಿಡಿಭಾಗಕ್ಕೆ ನೂರಕ್ಕೆ ಹತ್ತು ಸೋಡಿ, ಬದಲಿಗೆ ಎಲ್ಲ ಫೋಟೋದಲ್ಲೂ ನಮ್ಮ ಹೆಸರು ಕಾಣಬೇಕು ಎಂದವು. ವರ್ಷಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ, ಮನೆಯಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಒಪ್ಪಿಕೊಳ್ಳುವ ಮಂದಿ ಒಂದು ಪುಕ್ಕಟೆ ಅಂಗಿಗೆ ಕರಗಿಹೋದರು. ಉಡುಪು ಬಂದ ದಿನ ಪ್ರಾಯೋಜಕರಿಗೂ ಒಂದು ಸತ್ಯ ಹೊಳೆಯಿತು: ಹೊಟ್ಟೆಯಿರುವವರ ಮೇಲೆ ಅಕ್ಷರ ಹಿಗ್ಗಿ ದೂರಕ್ಕೂ ಓದಲು ಬರುತ್ತದೆ. ದಂತವೈದ್ಯೆಯ ಮೇಲೆ ಕಂಪನಿಯ ಹೆಸರು ಸಣ್ಣಗೆ ಕಾಣುತ್ತಿತ್ತು. ಜಾಹೀರಾತಿನ ಮುಖ್ಯ ಫೋಟೋಗೆ ರಾಯರನ್ನು ನಡುವೆ ನಿಲ್ಲಿಸಿದರು.

ಪುಡಿ ಕಂಪನಿಯವರು ಶಕ್ತಿಯ ಜೆಲ್ ಪೊಟ್ಟಣಗಳನ್ನೂ ಕೊಡುತ್ತಾರೆ. ಕ್ಯಾಮೆರಾ ಕಂಡಾಗ ರಾಯರು ಅದನ್ನು ಹಲ್ಲಿನಿಂದ ಹರಿಯುತ್ತಾರೆ. ಹಸಿವಾದಾಗ ಬೆನ್ನ ಜೇಬಿನಿಂದ ಹೊರಬರುವುದು ಕೋವಿಲ್‌ಪಟ್ಟಿ ಕಡಲೆಮಿಠಾಯಿ.

ಈ ಆಟದಲ್ಲಿ ಒಂದು ವಿಚಿತ್ರ ನಿಯಮವಿದೆ. ಸೈಕಲ್ ಹಂತದಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, 12 ಮೀಟರ್ ದೂರ ಇರಬೇಕು. ತಪ್ಪಿದರೆ ಐದು ನಿಮಿಷ ದಂಡ, ರಸ್ತೆಬದಿಯ ಡೇರೆಯಲ್ಲಿ ನಿಂತುಕೊಂಡು ಅನುಭವಿಸಬೇಕು. ಹೆಂಡತಿ ಬೇಲಿಯಾಚೆಯಿಂದ ನೀರು ಚಾಚಿದರೂ ಅದು ಹೊರಗಿನ ಸಹಾಯ, ತಪ್ಪು. ಯಾರೂ ಯಾರ ಹತ್ತಿರವೂ ಸುಳಿಯಬಾರದ ಇಂಥ ಆಟಕ್ಕೆ ತಂಡ ಯಾಕೆ ಎಂದು ಒಮ್ಮೆ ಕೇಳಿದೆ. "ಭಾನುವಾರ ಹೋಟೆಲಿಗೆ ಬನ್ನಿ" ಎಂದರು.

ಹೋದೆ. ಪೂನಮಲ್ಲಿ ಹೈರೋಡಿನಲ್ಲಿ ಉಡುಪಿಯ ಸೀತಾರಾಮ ರಾಯರು ಕಟ್ಟಿದ ದಾಸಪ್ರಕಾಶ ಈಗಿಲ್ಲ, ಆದರೂ ಈ ಭಾಗದಲ್ಲಿ ನಮ್ಮ ಊರಿನ ಕೈರುಚಿಗೆ ಬರವಿಲ್ಲ. ನೂರು ಕಿಲೋಮೀಟರ್ ತುಳಿದು ಬಂದ ಹನ್ನೆರಡು ಮಂದಿ ನಾಲ್ಕು ಜನರ ಮೇಜಿಗೆ ಮೊಣಕೈ ಮೊಣಕೈ ತಾಗಿಸಿ ಕುಳಿತಿದ್ದರು. ಹನ್ನೆರಡು ಮೀಟರ್ ಹಾಗಿರಲಿ, ಒಬ್ಬರ ಸಾಂಬಾರಿಗೂ ಇನ್ನೊಬ್ಬರ ಚಟ್ನಿಗೂ ಹನ್ನೆರಡು ಅಂಗುಲ ಅಂತರವಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ವಿಷಯ ಒಂದೇ: ತಮ್ಮ ತಮ್ಮ ಮೊಣಕಾಲು. ಬೈಂದೂರಿನ ಕಡೆಯ ಹಿರಿಯ ಸಪ್ಲಾಯರ್ ಬಂದು, "ಗೆದ್ದದ್ದು ಯಾರು ಇವತ್ತು?" ಎಂದು ಕೇಳಿದ.

"ನಾವು ಗೆಲ್ಲೋದಕ್ಕೆ ಹೋಗುವವರಲ್ಲ ಮಾರಾಯಾ, ಮುಗಿಸೋದಕ್ಕೆ" ಎಂದರು ರಾಯರು.

"ಮುಗಿಸೂದಾ? ಹಾಂಗಾರೆ ಇನ್ನೊಂದು ಸೆಟ್ ಇಡ್ಲಿ ತರ್ತೆ."

ಗೇಲಿ ಮಾಡುವ ನನ್ನ ಬಾಯಿಗೆ ಬೀಗ ಬಿದ್ದದ್ದು ಕಳೆದ ಮಳೆಗಾಲದಲ್ಲಿ. ಬಿಡಿಭಾಗದ ಅಂಗಡಿಯವರ ಮಗುವನ್ನು ಹಾಲ್ಸ್ ರಸ್ತೆಯ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಸೇರಿಸಿದ್ದರು. ಸುದ್ದಿ ತಿಳಿದದ್ದೇ ತಡ ತಂಡ ಪಾಳಿ ಹಾಕಿಕೊಂಡಿತು. ಮಾಮೂಲಾಗಿ ಮೂರೂವರೆಗೆ ಏಳುವವರಿಗೆ ರಾತ್ರಿಪಾಳಿ ಏನು ಮಹಾ? ರಕ್ತ ಬೇಕೆಂದಾಗ ಏಳು ಮಂದಿ ಸಾಲಾಗಿ ನಿಂತರು. ನರ್ಸಮ್ಮ ಕೇಳುವ ಮೊದಲೇ ಪ್ರತಿಯೊಬ್ಬರೂ ತಮ್ಮ ಹಿಮೋಗ್ಲೋಬಿನ್, ವಿಶ್ರಾಂತಿಯ ನಾಡಿಬಡಿತ, ಕಳೆದ ವಾರದ ನಿದ್ದೆಯ ಅಂಕಗಳನ್ನು ಬಾಯಿಪಾಠ ಒಪ್ಪಿಸತೊಡಗಿದರಂತೆ. ಆಕೆ ಕೈಮುಗಿದು, ಬ್ಲಡ್‌ಗ್ರೂಪು ಮಾತ್ರ ಸಾಕು ಎಂದರಂತೆ. ಮಗು ಗುಣವಾಗಿ ಮನೆಗೆ ಬಂತು. ಅದಕ್ಕೂ ಒಂದು ಜೆರ್ಸಿ ಹೊಲಿಸಿದ್ದಾರೆ.

ರಾಯರು ಗೋವಾಕ್ಕೆ ಹೋದರು, ಮಿರಾಮಾರ್ ಕಡಲಿಗಿಳಿದರು, ಗಡುವಿಗೆ ಆರು ನಿಮಿಷ ಇದೆ ಎನ್ನುವಾಗ ಮುಗಿಸಿದರು. ದಂತವೈದ್ಯೆ ಅಷ್ಟರೊಳಗೆ ಸ್ನಾನ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು, ಇವರಿಗೆ ಚಪ್ಪಾಳೆ ತಟ್ಟಲು ವಾಪಸು ಬಂದಿದ್ದರು. ಪದಕವನ್ನು ರಾಯರು ಮರುದಿನ ವಿಮಾನದಲ್ಲಿ ಹಾಕಿಕೊಂಡೇ ಕುಳಿತರು. ಮುಂದಿನ ವಾರ ಮೈಲಾಪುರದಲ್ಲಿ ನಡೆದ ಮದುವೆಯ ಮುಹೂರ್ತಕ್ಕೂ ಅದು ಪಂಚೆ ಶಲ್ಯದ ಮೇಲೆ ಬಂದಿತ್ತು. ಪುರೋಹಿತರು ಅವರನ್ನು ಹೆಣ್ಣಿನ ಕಡೆಯ ದೊಡ್ಡ ಮನುಷ್ಯರೆಂದು ತಿಳಿದು ಮೊದಲ ಅಕ್ಷತೆ ಕೊಟ್ಟರು.

ಈಗ ಪ್ರಾಯೋಜಕತ್ವ ನವೀಕರಣದ ಕಾಲ. ಪುಡಿ ಕಂಪನಿ ಕೈಬಿಟ್ಟಿತು. ಬದಲಿಗೆ ಹಾಸಿಗೆ ಕಂಪನಿಯೊಂದು ಮುಂದೆ ಬಂದಿದೆ. ರಾತ್ರಿ ಎಂಟೂವರೆಗೇ ಮಲಗುವ ಗ್ರಾಹಕರನ್ನು ಅವರು ಎಲ್ಲೂ ಕಂಡಿರಲಿಲ್ಲ. ಮೂಳೆ ಆಸ್ಪತ್ರೆಯವರು ಮಾತ್ರ ಮೊತ್ತವನ್ನು ಇಮ್ಮಡಿ ಮಾಡಿದ್ದಾರೆ, ಏಕೆಂದರೆ ತಂಡದ ಹನ್ನೆರಡರಲ್ಲಿ ಎಂಟು ಮಂದಿ ಈಗ ಅವರಲ್ಲೇ ರೋಗಿಗಳು. ಕರಾರುಪತ್ರದಲ್ಲಿ ಹೊಸದಾಗಿ ಸೇರಿಸಿರುವ ಷರತ್ತು ಒಂದೇ: ಜೆರ್ಸಿ ತೊಟ್ಟಿರುವಾಗ ಸಾರ್ವಜನಿಕವಾಗಿ ಕುಂಟುವಂತಿಲ್ಲ. ಲೆಕ್ಕಪರಿಶೋಧಕರಾದ ರಾಯರು ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಮೊನ್ನೆ ಭಾನುವಾರ ಹೋಟೆಲಿನಿಂದ ಹೊರಟಾಗ ತಂಡದ ಐದು ಮಂದಿ ಜೆರ್ಸಿಯನ್ನು ತಿರುಗಾಮುರುಗಾ ತೊಟ್ಟಿದ್ದರು.