ಜೆಸಿಬಿಯ ಹಲ್ಲೇ ಲೊಕೇಟರ್

ಬೆಂಗಳೂರಿನ ನೆಲದಡಿ ಏನಿದೆ ಎಂದು ಪತ್ತೆ ಹಚ್ಚಲು ನಂಬಿಕಸ್ಥ ಯಂತ್ರವೊಂದಿದೆ. ಹಳದಿ ಬಣ್ಣ, ಹಿಂದೊಂದು ಉದ್ದನೆಯ ಕೈ, ಕೈಗೆ ಹಲ್ಲು. ಬಕೆಟ್ ಇಳಿದ ಕೂಡಲೇ ನೀರು ಚಿಮ್ಮಿದರೆ ಅಲ್ಲಿ ಕಾವೇರಿ ಪೈಪ್ ಇತ್ತು. ಕಿಡಿ ಹಾರಿದರೆ ಕರೆಂಟಿತ್ತು. ವಾಸನೆ ಬಂದರೆ ಗ್ಯಾಸೋ ಒಳಚರಂಡಿಯೋ, ಮೂಗಿದ್ದವರು ಹೇಳಬೇಕು. ಏನೂ ಆಗದೆ, ಇಡೀ ಬಡಾವಣೆ ಮೊಬೈಲ್ ಎತ್ತಿ ಹಿಡಿದುಕೊಂಡು ಬಾಲ್ಕನಿಗೆ ಬಂದರೆ ಇಂಟರ್ನೆಟ್ಟಿನ ಫೈಬರ್ ಕೇಬಲ್.

ಸರ್ಕಾರಿ ವಿಧಾನವೂ ಉಂಟು. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿದರು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಕೇಬಲ್ ತುಂಡಾಗುತ್ತದೆ, 3,000 ಕೋಟಿ ರೂಪಾಯಿ ನಷ್ಟ ಎಂದು ಆಗ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ಅಗೆಯುವ ಮುನ್ನ ಕರೆ ಮಾಡಿ ಎನ್ನುವುದು ಒಳ್ಳೆಯ ಮಾತೇ. ಅಗೆದ ಮೇಲೆ ಮಾಡೋಣವೆಂದರೆ ನೆಟ್‌ವರ್ಕ್ ಇರುವುದಿಲ್ಲ.

ಇನ್ನು ನೆಲದಡಿಯ ಕೇಬಲ್, ಪೈಪ್ ಪತ್ತೆ ಹಚ್ಚುವ ತರಬೇತಿ. ಎ.ಸಿ. ಹಾಲ್, ಪ್ರೊಜೆಕ್ಟರ್, ಗೋಡಂಬಿ, ಮುಂದಿನ ಸಾಲಿನಲ್ಲಿ ಸಾಹೇಬರು. ಹೇಳಿಕೊಡುವುದೆಲ್ಲ ಸರಿಯಾದದ್ದೇ. ಲೋಹದ ಕೇಬಲ್ಲಿಗೆ ಸಿಗ್ನಲ್ ಕೊಟ್ಟು, ಮೇಲೆ ಲೊಕೇಟರ್ ಹಿಡಿದು ನಡೆದರೆ ಅದು ಕೂಗುತ್ತದೆ. ಪಿವಿಸಿ ಪೈಪ್ ಕೂಗುವುದಿಲ್ಲ, ಜೊತೆಗೊಂದು ತಂತಿ ಹೂತಿರಬೇಕು. ಗುರುತು ಮಾಡಿದಲ್ಲಿ ಮೊದಲು ಕೈಯಿಂದಲೇ ಗುಂಡಿ ತೋಡಿ, ಕಣ್ಣಾರೆ ಕಂಡ ಮೇಲಷ್ಟೇ ಯಂತ್ರ. ನಕ್ಷೆಯೊಂದನ್ನೇ ನಂಬಬಾರದು. ಅದರಲ್ಲಿ ಕೇಬಲ್ ಫುಟ್‌ಪಾತ್ ಅಂಚಿನಿಂದ ಮೂರಡಿ ದೂರ ಇರುತ್ತದೆ, ಫುಟ್‌ಪಾತ್ ಮಾತ್ರ ರಸ್ತೆ ಅಗಲೀಕರಣದಲ್ಲಿ ಎಂದೋ ಹೋಗಿರುತ್ತದೆ. ಚಪ್ಪಾಳೆ, ಪ್ರಮಾಣಪತ್ರ, ಗ್ರೂಪ್ ಫೋಟೊ.

ಆ ಫೋಟೊದಲ್ಲಿ ಪಿಕಾಸಿ ಹಿಡಿದವರು ಒಬ್ಬರೂ ಇಲ್ಲ. ಅಗೆಯುವವರು ಯಾದಗಿರಿ, ರಾಯಚೂರಿನ ಕಡೆಯಿಂದ ಬಂದು ರಸ್ತೆ ಬದಿಯಲ್ಲೇ ಗುಡಿಸಲು ಹಾಕಿಕೊಂಡವರು. ಅವರಿಗೆ ಮೇಸ್ತ್ರಿ ಕೊಡುವ ತರಬೇತಿ ಒಂದೇ ವಾಕ್ಯದ್ದು: "ಬೆಳಗಾಗೋದ್ರೊಳಗೆ ಮುಚ್ಚಿರಬೇಕು."

ಹಳೆಯ ಕರೆಂಟ್ ಕೇಬಲ್ಲಿನ ಮೇಲೆ ಮರಳು ಹಾಕಿ ಇಟ್ಟಿಗೆ ಜೋಡಿಸಿರುತ್ತಾರೆ. 'ಇಲ್ಲಿಗೇ ನಿಲ್ಲು' ಎಂದು ಅದರರ್ಥ. ಯಾರೂ ತಿಳಿಸದ ಮನುಷ್ಯನಿಗೆ ಅದು ಪುಕ್ಕಟೆ ಇಟ್ಟಿಗೆ; ಮೂರಿಟ್ಟರೆ ಒಲೆ. ಈಚಿನ ಕೇಬಲ್‌ಗಳ ಮೇಲೆ ಪ್ಲಾಸ್ಟಿಕ್ ಪಟ್ಟಿ ಹಾಸಿರುತ್ತಾರೆ, ಇಂಗ್ಲಿಷಿನಲ್ಲಿ ಅಪಾಯದ ಎಚ್ಚರಿಕೆ ಬರೆದು. ಗಟ್ಟಿ ಪಟ್ಟಿ ಅದು, ಗುಡಿಸಲಿನ ಟಾರ್ಪಾಲು ಕಟ್ಟಲು ಹೇಳಿ ಮಾಡಿಸಿದಂತಿದೆ. ಎಚ್ಚರಿಕೆ ಕೊಟ್ಟವರದೂ ತಪ್ಪಿಲ್ಲ, ಕಟ್ಟಿಕೊಂಡವನದೂ ತಪ್ಪಿಲ್ಲ. ಹನ್ನೊಂದು ಸಾವಿರ ವೋಲ್ಟಿನದಂತೂ ಇಲ್ಲವೇ ಇಲ್ಲ.

ಅವಘಡವಾದರೆ ನೀರಿನವರು ಕೇಬಲ್ಲಿನವರಿಗೆ, ಕೇಬಲ್ಲಿನವರು ಕರೆಂಟಿನವರಿಗೆ ಕಾಗದ ಬರೆಯುತ್ತಾರೆ. ಗಾಯ ಮಾತ್ರ ವರ್ಗಾವಣೆಯಾಗುವುದಿಲ್ಲ.

ಸಾಹೇಬರೇ, ಮುಂದಿನ ತರಬೇತಿಯನ್ನು ಗುಂಡಿಯ ಪಕ್ಕದಲ್ಲೇ ಇಡಿ. ಜೆಸಿಬಿ ಡ್ರೈವರನ್ನೂ ಮೇಸ್ತ್ರಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ಲೊಕೇಟರನ್ನು ಅವರ ಕೈಗೇ ಕೊಡಿ. ಗೋಡಂಬಿ ಬೇಡ, ಬಂದವರಿಗೆ ಆ ದಿನದ ಕೂಲಿ ಕೊಡಿ.